ಹಡಗಿಗೆ ಸಿಕ್ಕ ನಂಬಿಕೆ ಚಳ್ಳಕೆರೆಯ ಪಾಸ್‌ಪೋರ್ಟಿಗೆ ಯಾಕಿಲ್ಲ?

ಚಳ್ಳಕೆರೆಯಲ್ಲಿ ನಮ್ಮ ಸೋದರಮಾವನಿಗೆ ಬೀಜ-ಗೊಬ್ಬರದ ಅಂಗಡಿ ಇದೆ. ಶೇಂಗಾ ಬಿತ್ತನೆ ಬೀಜ, ಡಿಎಪಿ, ಯೂರಿಯಾ, ಹುಳಕ್ಕೆ ಹೊಡೆಯೋ ಔಷಧಿ. ಮಳೆ ಕೈಕೊಟ್ಟ ವರ್ಷ ಅಂಗಡಿಯ ಉದ್ರಿ ಪುಸ್ತಕ ದಪ್ಪ ಆಗುತ್ತೆ, ಮಾವ ತೆಳ್ಳಗಾಗ್ತಾರೆ. ಮೂರು ವರ್ಷದ ಹಿಂದೆ ಟಾರ್ಗೆಟ್ ಮುಟ್ಟಿದ್ದಕ್ಕೆ ಕಂಪನಿಯೊಂದು ಡೀಲರ್‌ಗಳನ್ನೆಲ್ಲ ಫಾರಿನ್ ಟೂರಿಗೆ ಕರಕೊಂಡು ಹೋಯ್ತು. ಇದೇನೂ ಹೊಸದಲ್ಲ. ಸಿಮೆಂಟು, ಪೇಂಟು, ಬೀಜ, ಕೀಟನಾಶಕ, ಯಾವ ಕಂಪನಿಯಾದರೂ ಸರಿ, ಸಣ್ಣ ಊರಿನ ಡೀಲರ್‌ಗೆ ಆಸೆ ತೋರಿಸೋದು ಇದೇ ಟೂರಿನಿಂದ. ಆ ಸಲದ ಪ್ಯಾಕೇಜಿನಲ್ಲಿ ವಿಮಾನದ ಜೊತೆಗೆ ನಾಲ್ಕು ರಾತ್ರಿಯ ಹಡಗು ಪ್ರಯಾಣವೂ ಇತ್ತು. ಹುಟ್ಟಿದಾಗಿನಿಂದ ವೇದಾವತಿಯಲ್ಲಿ ನೀರು ಕಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದಾದ ಮನುಷ್ಯ, ಹನ್ನೆರಡು ಅಂತಸ್ತಿನ ಹಡಗು ಹತ್ತಿದರು.

ಎರಡನೇ ದಿನ ಹಡಗು ಒಂದು ಬಂದರಿನಲ್ಲಿ ನಿಂತಿತು. ಯುರೋಪಿನವರು, ಆಸ್ಟ್ರೇಲಿಯಾದವರು ಟೋಪಿ ಹಾಕ್ಕೊಂಡು, ಬಾಗಿಲ ಹತ್ತಿರ ಹಡಗಿನ ಕಾರ್ಡು ತೋರಿಸಿ ಇಳಿದು ಹೋದರು. ನಮ್ಮ ಡೀಲರ್‌ಗಳ ಗುಂಪಿಗೆ ಟೂರ್ ಮ್ಯಾನೇಜರ್ ಹೇಳಿದ್ದು ಇಷ್ಟು: ಈ ಬಂದರಿಗೆ ನಿಮ್ಮ ಪಾಸ್‌ಪೋರ್ಟಿನವರಿಗೆ ಬೇರೆ ವೀಸಾ ಬೇಕಿತ್ತು, ನಮ್ಮ ಏಜೆಂಟ್ ಮಾಡಿಸಿಲ್ಲ, ಸಂಜೆವರೆಗೆ ಹಡಗಲ್ಲೇ ಇರಿ, ಊಟ ಫ್ರೀ ಇದೆಯಲ್ಲ.

ಮಾವ ಅದನ್ನು ಈಗಲೂ ಮರೆತಿಲ್ಲ. 'ಊರು ಕಾಣ್ತಿತ್ತು ಕಣಪ್ಪಾ. ಗಾಡಿ ಓಡಾಡೋದು ಕಾಣ್ತಿತ್ತು. ತಳ್ಳೋ ಗಾಡೀಲಿ ಎಳನೀರು ಮಾರೋನೂ ಕಾಣ್ತಿದ್ದ. ಅದೇ ಹಡಗು, ಅದೇ ಊಟ, ಅದೇ ಕಾರ್ಡು. ಅವರ ಕಾರ್ಡು ಟಿಣ್ ಅಂತು, ನಮ್ಮದು ಅನ್ನಲಿಲ್ಲ, ಅಷ್ಟೇ.' ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: 'ನಾವೇನು ಅಲ್ಲೇ ಉಳ್ಕೊಂಬಿಡ್ತೀವಿ ಅಂತ ತಿಳ್ಕಂಡಿದ್ರೇನ್ಲಾ? ಬಿತ್ತನೆ ಟೈಮಲ್ಲಿ ಅಂಗಡಿ ಬಿಟ್ಟು?'

ಈ ಪ್ರಶ್ನೆಯನ್ನು ನಾನು ತಮಾಷೆ ಅಂತ ಬಿಡಲಿಲ್ಲ. ಅದರ ಉತ್ತರ ಹುಡುಕುತ್ತಾ ಹೋದರೆ, ವೀಸಾ ಅನ್ನೋ ವ್ಯವಸ್ಥೆ ಯಾರನ್ನು ನಂಬುತ್ತೆ, ಯಾಕೆ ನಂಬುತ್ತೆ ಅನ್ನೋದೇ ಬಿಚ್ಚಿಕೊಳ್ಳುತ್ತೆ.

ಮೊದಲು ನಿಯಮ ಏನು ಅಂತ ನೋಡೋಣ. ಸಾಮಾನ್ಯವಾಗಿ ವೀಸಾ ಕೊಡುವಾಗ ಸರ್ಕಾರಗಳು ತೂಗೋದು ಮನುಷ್ಯನನ್ನು. ಬ್ಯಾಂಕ್ ಸ್ಟೇಟ್‌ಮೆಂಟ್ ಎಷ್ಟಿದೆ, ಐಟಿ ರಿಟರ್ನ್ಸ್ ಹಾಕಿದ್ದಾನಾ, ಊರಲ್ಲಿ ಆಸ್ತಿ ಇದೆಯಾ, ಹೆಂಡ್ತಿ ಮಕ್ಕಳು ಇಲ್ಲೇ ಇರ್ತಾರಾ, ವಾಪಸ್ ಟಿಕೆಟ್ ಇದೆಯಾ. ಎಲ್ಲ ಪ್ರಶ್ನೆಗಳ ಹಿಂದೆ ಇರೋದು ಒಂದೇ ಪ್ರಶ್ನೆ: ಇವನು ವಾಪಸ್ ಹೋಗ್ತಾನಾ? ಕ್ರೂಸ್ ಪ್ರಯಾಣಿಕರಿಗೆ ಅಂತ ಮಾಡಿರುವ ವೀಸಾರಹಿತ ನಿಯಮಗಳಲ್ಲಿ ಸರ್ಕಾರ ಇದೇ ಪ್ರಶ್ನೆಯನ್ನು ಹಡಗಿಗೆ ಕೇಳುತ್ತೆ. ಯಾರು ಯಾರು ಬರ್ತಿದ್ದಾರೆ ಅನ್ನೋ ಪಟ್ಟಿಯನ್ನು ಹಡಗಿನ ಕಂಪನಿ ಮುಂಚೆಯೇ ಬಂದರಿಗೆ ಕಳಿಸಿರುತ್ತೆ. ಬಾಗಿಲಲ್ಲಿ ಇಳಿದವರ ಲೆಕ್ಕ, ಹತ್ತಿದವರ ಲೆಕ್ಕ ಎರಡೂ ಇರುತ್ತೆ. ಇಳಿದವರು ಬಹುತೇಕ ಕಂಪನಿಯದ್ದೇ ಬಸ್ಸಿನಲ್ಲಿ ತಿರುಗಿ, ಸಂಜೆ ಅದೇ ಹಡಗಿಗೆ ವಾಪಸ್ ಬರ್ತಾರೆ. ಒಬ್ಬ ಕಮ್ಮಿಯಾದರೆ ಉತ್ತರ ಹೇಳಬೇಕಾದ್ದು ಕಂಪನಿ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಕಲಿತದ್ದರಲ್ಲಿ ಮುಕ್ಕಾಲು ಮರೆತಿದ್ದೀನಿ, ಆದರೂ ಇದನ್ನು ನೋಡಿದಾಗ ತಕ್ಷಣ ಹೊಳೆದದ್ದು ಲಾಗಿನ್ ವ್ಯವಸ್ಥೆ. ಗೂಗಲ್ ಖಾತೆಯಿಂದ ಬೇರೆ ಆ್ಯಪ್‌ಗೆ ಲಾಗಿನ್ ಆಗ್ತೀವಲ್ಲ, ಆ ಆ್ಯಪ್ ನಮ್ಮ ಪಾಸ್‌ವರ್ಡ್ ಕೇಳೋದಿಲ್ಲ. 'ಇವನು ನಮ್ಮವನೇ' ಅಂತ ಗೂಗಲ್ ಹೇಳಿದರೆ ಸಾಕು. ಹಡಗಿನ ಕಾರ್ಡೂ ಅಂಥದ್ದೇ. ಅದು ಪ್ರಯಾಣಿಕನ ಗುರುತಿಗಿಂತ ಹೆಚ್ಚಾಗಿ ಅವನ ಪರವಾಗಿ ಬೇರೊಬ್ಬರು ಕೊಟ್ಟ ಜಾಮೀನು.

ಇದು ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ಚೀನಾ ಒಳ್ಳೇ ಉದಾಹರಣೆ. 2024ರ ಡಿಸೆಂಬರ್‌ನಲ್ಲಿ ಚೀನಾ ತನ್ನ ವೀಸಾರಹಿತ ಟ್ರಾನ್ಸಿಟ್ ಅವಧಿಯನ್ನು 240 ಗಂಟೆಗೆ ಏರಿಸಿತು. ಮೂರನೇ ದೇಶಕ್ಕೆ ಹೋಗುವ ದಾರಿಯಲ್ಲಿ ಹತ್ತು ದಿನ ಅಲ್ಲಿ ಇರಬಹುದು. ಅದಕ್ಕೆ 54 ದೇಶಗಳ ಪಟ್ಟಿ ಇತ್ತು, ಭಾರತ ಅದರಲ್ಲಿ ಇರಲಿಲ್ಲ. ಆದರೆ ಅದೇ ವರ್ಷದ ಮೇ 15ರಂದು ಚೀನಾ ಇನ್ನೊಂದು ನಿಯಮವನ್ನೂ ತನ್ನ ಇಡೀ ಕರಾವಳಿಗೆ ವಿಸ್ತರಿಸಿತ್ತು: ಕ್ರೂಸ್ ಹಡಗಿನಲ್ಲಿ ಬರುವ, ಚೀನಾದ ಟ್ರಾವೆಲ್ ಏಜೆನ್ಸಿ ವ್ಯವಸ್ಥೆ ಮಾಡಿದ, ಕನಿಷ್ಠ ಇಬ್ಬರಿರುವ ವಿದೇಶಿ ಪ್ರವಾಸಿ ಗುಂಪು ಶಾಂಘೈ, ತಿಯಾಂಜಿನ್, ಶಿಯಾಮೆನ್ ಮುಂತಾದ 13 ಬಂದರುಗಳಲ್ಲಿ ವೀಸಾ ಇಲ್ಲದೆ ಇಳಿದು 15 ದಿನದವರೆಗೆ ಇರಬಹುದು. ಷರತ್ತು ಏನು? ಗುಂಪು ಅದೇ ಹಡಗಿನ ಜೊತೆ ಮುಂದಿನ ಬಂದರಿಗೆ ಹೋಗಬೇಕು. ಮೊದಲನೇ ನಿಯಮ ನಿಂತಿರೋದು ದೇಶಗಳ ಪಟ್ಟಿಯ ಮೇಲೆ, ಎರಡನೆಯದು ಹಡಗಿನ ಮೇಲೆ, ಏಜೆನ್ಸಿಯ ಮೇಲೆ. ಗಡಿ ಒಂದೇ. ಬದಲಾಗಿದ್ದು ಜಾಮೀನುದಾರ ಮಾತ್ರ.

ಜಪಾನ್ 2015ರಿಂದ ಗುರುತಿಸಿದ ಕ್ರೂಸ್ ಹಡಗುಗಳ ಪ್ರಯಾಣಿಕರಿಗೆ ವೀಸಾ ಬದಲು ಬಂದರಿನಲ್ಲೇ ಇಳಿಯುವ ಅನುಮತಿ ಕೊಡುವ ಪದ್ಧತಿ ತಂದಿತು. ಇಲ್ಲೂ ಅದೇ ಕಂಡೀಷನ್, ಹಡಗು ಹೊರಡುವುದರೊಳಗೆ ವಾಪಸ್ ಹತ್ತಬೇಕು. ರಷ್ಯಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬರುವ ಕ್ರೂಸಿನವರಿಗೆ 72 ಗಂಟೆಯ ನಿಯಮ ಇತ್ತು. ಪರವಾನಗಿ ಇರುವ ಟೂರ್ ಕಂಪನಿಯ ಜೊತೆಗೇ ತಿರುಗಬೇಕು, ರಾತ್ರಿ ಹಡಗಲ್ಲೇ ಮಲಗಬೇಕು. ಅಮೆರಿಕದ ಪ್ರಜೆಗಳಿಗಂತೂ ಅವರದೇ ಬಂದರಿನಿಂದ ಹೊರಟು ಅದೇ ಬಂದರಿಗೆ ವಾಪಸಾಗುವ ಕೆರಿಬಿಯನ್ ಕ್ರೂಸಿಗೆ ಪಾಸ್‌ಪೋರ್ಟೇ ಕಡ್ಡಾಯವಲ್ಲ, ಜನ್ಮ ಪ್ರಮಾಣಪತ್ರ ಮತ್ತು ಸರ್ಕಾರಿ ಗುರುತಿನ ಚೀಟಿ ಇದ್ದರೆ ಅವರ ದೇಶ ವಾಪಸ್ ಒಳಗೆ ಬಿಟ್ಟುಕೊಳ್ಳುತ್ತೆ. ನಮ್ಮ ಕಡೆ ಪಿಂಚಣಿ ಮಾಡಿಸೋಕೂ ಇದಕ್ಕಿಂತ ಜಾಸ್ತಿ ಕಾಗದ ಕೇಳ್ತಾರೆ.

ಇನ್ನೂ ಒಂದು ಬಗೆ ಇದೆ, ಎರವಲು ನಂಬಿಕೆ. ಸಿಂಗಾಪುರ ಭಾರತೀಯರಿಗೆ 96 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಕೊಡುತ್ತೆ. ಯಾರಿಗೆ? ಮುಂದಿನ ಪ್ರಯಾಣದ ಟಿಕೆಟ್ ಜೊತೆಗೆ ಅಮೆರಿಕ, ಬ್ರಿಟನ್, ಕೆನಡಾ, ಜಪಾನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳಲ್ಲಿ ಒಂದರ ಚಾಲ್ತಿ ವೀಸಾ ಇರುವವರಿಗೆ. ಅಂದರೆ ಅಮೆರಿಕ ನಿನ್ನನ್ನು ಒಪ್ಪಿದ್ದರೆ ನಾನೂ ಒಪ್ತೀನಿ. ಬೆಂಗಳೂರಿನ ಐಟಿ ಹುಡುಗನ ಪಾಸ್‌ಪೋರ್ಟಿನಲ್ಲಿ ಆ ಸ್ಟಿಕ್ಕರ್ ಇರುತ್ತೆ. ಚಳ್ಳಕೆರೆ ಬೀಜದಂಗಡಿಯವನದ್ದರಲ್ಲಿ ಎಲ್ಲಿಂದ ಬರಬೇಕು? ಇಬ್ಬರದ್ದೂ ಒಂದೇ ನೀಲಿ ಪಾಸ್‌ಪೋರ್ಟ್, ಮೇಲೆ ಒಂದೇ ಸಿಂಹಲಾಂಛನ. 'ಭಾರತೀಯ ಪಾಸ್‌ಪೋರ್ಟ್ ಎಷ್ಟನೇ ರ‍್ಯಾಂಕು' ಅಂತ ಪ್ರತಿ ವರ್ಷ ಬರೋ ಸುದ್ದಿಗಳು ಈ ಒಳವ್ಯತ್ಯಾಸವನ್ನು ಹೇಳೋದೇ ಇಲ್ಲ.

ಮಾವನ ವಿಷಯಕ್ಕೆ ಬಂದರೆ, ಬಹಳ ಬಂದರುಗಳು ಈ ಎರಡನ್ನೂ ಬೆರೆಸಿಬಿಡುತ್ತವೆ. ಹಡಗಿನ ಜಾಮೀನು ಬೇಕು, ಜೊತೆಗೆ ಪಾಸ್‌ಪೋರ್ಟು ಇಂಥ ಪಟ್ಟಿಯಲ್ಲೂ ಇರಬೇಕು. ಹಾಗಾದರೆ ಜಾಮೀನಿನ ಅರ್ಥ ಏನು? ಅದೇ ಕಂಪನಿ ಜರ್ಮನಿಯವನನ್ನು ವಾಪಸ್ ಹತ್ತಿಸಿಕೊಳ್ಳೋ ಹೊಣೆ ಹೊತ್ತಿದೆ, ಚಳ್ಳಕೆರೆಯವನನ್ನು ಹತ್ತಿಸಿಕೊಳ್ಳೋ ಹೊಣೆಯನ್ನೂ ಹೊತ್ತಿದೆ. ಲೆಕ್ಕ ಇಡೋ ಯಂತ್ರ ಒಂದೇ.

ಅವರ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. 2023ರ ಡಿಸೆಂಬರ್‌ನಲ್ಲಿ ಯುಎಇಯ ಫುಜೈರಾದಿಂದ ನಿಕರಾಗುವಾಕ್ಕೆ ಹೊರಟಿದ್ದ ವಿಮಾನವೊಂದನ್ನು ಫ್ರಾನ್ಸಿನ ವಾತ್ರಿ ನಿಲ್ದಾಣದಲ್ಲಿ ತಡೆದರು. ಒಳಗಿದ್ದ 303 ಜನರಲ್ಲಿ ಬಹುತೇಕರು ಭಾರತೀಯರು. ಸುಲಭವಾಗಿ ಪ್ರವೇಶ ಸಿಗುವ ದೇಶದ ಮೂಲಕ ಅಮೆರಿಕದ ಗಡಿ ತಲುಪುವ 'ಡಂಕಿ' ದಾರಿ ಅದು ಅನ್ನೋ ಅನುಮಾನ ಇತ್ತು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಕೈಕೋಳ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಕೆಲಸ ಇಲ್ಲದೆ, ಸಾಲ ಮಾಡಿ, ಏಜೆಂಟನ ಮಾತು ನಂಬಿ ಹೊರಟವರ ದೇಶ ನಮ್ಮದು ಅನ್ನೋದು ನಿಜ. ಆದರೆ ಆ ದಾರಿ ಹಿಡಿದವರು ಯಾರೂ ಐದು ದಿನಕ್ಕೆ ಕ್ಯಾಬಿನ್ ಬುಕ್ ಮಾಡಿ, ಮೂರು ಹೊತ್ತು ಬಫೆ ಊಟ ಮಾಡಿ, ಸಂಜೆ ಆರಕ್ಕೆ ವಾಪಸ್ ಬರಬೇಕಾದ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರಲ್ಲ. ಯಾವ ಕೆಲವರಿಗೋ ಇರುವ ಅಪಾಯದ ಲೆಕ್ಕವನ್ನು ಎಲ್ಲರ ಮೇಲೆ ಹಾಕಿದಾಗ ಏನಾಗುತ್ತೆ ಅಂತ ಷೆಂಗೆನ್ ವೀಸಾದಲ್ಲೇ ನೋಡಬಹುದು. 2024ರಲ್ಲಿ ಭಾರತದಿಂದ ಹೋದ ಸುಮಾರು 11 ಲಕ್ಷ ಅರ್ಜಿಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಿರಸ್ಕೃತವಾದವು. ದೊಡ್ಡವರ ಅರ್ಜಿ ಶುಲ್ಕ ಈಗ 90 ಯೂರೋ. ತಿರಸ್ಕರಿಸಿದರೆ ಆ ದುಡ್ಡು ವಾಪಸ್ ಇಲ್ಲ.

ಇಷ್ಟು ಹೇಳಿ 'ಅವರು ನಮಗೆ ಅನ್ಯಾಯ ಮಾಡ್ತಾರೆ' ಅಂತ ಮುಗಿಸಿದರೆ ಅರ್ಧ ಕತೆ ಹೇಳಿದ ಹಾಗೆ. ನಮ್ಮದೇ ಕಡಲಿಗೆ ಬನ್ನಿ.

ಚಳ್ಳಕೆರೆಯಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಘಟ್ಟ ಇಳಿದರೆ, ಪಣಂಬೂರಿನ ನವಮಂಗಳೂರು ಬಂದರು. ಮಳೆಗಾಲ ಮುಗಿದ ಮೇಲೆ ಅಲ್ಲಿಗೂ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರು ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆ ಹಡಗು ಹತ್ತುತ್ತಾರೆ. ಅಷ್ಟು ಹೊತ್ತಿಗೆ ನಾವು ಅವರನ್ನು ವೀಸಾ ಇಲ್ಲದೆ ಬಿಡ್ತೀವಾ? ಬಹುತೇಕ ದೇಶದವರನ್ನು ಬಿಡಲ್ಲ. ಎಂಟು ಗಂಟೆಯ ಮಂಗಳೂರು ದರ್ಶನಕ್ಕೂ ಅವರು ಮುಂಚೆಯೇ ಇ-ವೀಸಾ ಮಾಡಿಸಿರಬೇಕು. ಮೊದಲು ವಿಮಾನ ನಿಲ್ದಾಣಗಳಿಗೆ ಇದ್ದ ಇ-ವೀಸಾ ಸೌಲಭ್ಯವನ್ನು ಮುಂಬೈ, ಮರ್ಮಗೋವಾ, ಕೊಚ್ಚಿ, ಚೆನ್ನೈ ಮತ್ತು ನವಮಂಗಳೂರು ಬಂದರುಗಳಿಗೆ ವಿಸ್ತರಿಸಿದ್ದೇ ದೊಡ್ಡ ಸುಧಾರಣೆ ಅನಿಸಿಕೊಂಡಿತು. ಎರಡು ಮೂರು ಸಾವಿರ ಜನರ ಬೆರಳಚ್ಚು ತೆಗೆಯೋ ಹೊತ್ತಿಗೆ ಹಡಗು ಹೊರಡೋ ಟೈಮ್ ಆಗ್ತಿತ್ತು ಅಂತ, 2018ರಲ್ಲಿ ಗೃಹ ಸಚಿವಾಲಯ ಇ-ವೀಸಾದ ಮೇಲೆ ಬರುವ ಕ್ರೂಸ್ ಪ್ರವಾಸಿಗಳಿಗೆ 2020ರ ಕೊನೆಯವರೆಗೆ ಬಯೋಮೆಟ್ರಿಕ್‌ನಿಂದ ವಿನಾಯಿತಿ ಕೊಟ್ಟಿತ್ತು. ನಾವೂ ಹಡಗನ್ನು ನಂಬಿದ್ದು ಅಷ್ಟರಮಟ್ಟಿಗೆ.

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಶುರು ಮಾಡಿದೆ. 2029ರ ಹೊತ್ತಿಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಎರಡರಷ್ಟು ಮಾಡ್ತೀವಿ ಅನ್ನೋದು ಗುರಿ. ಟರ್ಮಿನಲ್ಲು, ಜೆಟ್ಟಿ, ಮರೀನಾ ಬಗ್ಗೆ ಬಹಳ ಮಾತಿದೆ. ಹೊರಗೆ ಹೋಗುವ ಭಾರತೀಯ ಪ್ರಯಾಣಿಕ ಬೇರೆ ದೇಶದ ಬಂದರಿನಲ್ಲಿ ಇಳಿಯಬಲ್ಲನಾ ಅನ್ನೋದರ ಬಗ್ಗೆ ನನಗೆ ಮಾತು ಕಾಣಲಿಲ್ಲ. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಕ್ರೂಸ್ ಹಡಗಿಗೆ ಸಚಿವರು ಹಸಿರು ಬಾವುಟ ತೋರಿಸಿದ್ದು ನೆನಪಿರಬಹುದು. ಅಂಥ ಹಡಗುಗಳು ಜಾಸ್ತಿ ಆದಷ್ಟೂ ಈ ಪ್ರಶ್ನೆ ಜಾಸ್ತಿ ಆಗುತ್ತೆ.

ನಮ್ಮ ಕಾನೂನಿಗೂ ಹಡಗಿನ ಹೊಣೆ ಗೊತ್ತಿಲ್ಲದ ವಿಷಯವೇನಲ್ಲ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ವಿಮಾನ, ಹಡಗು ಕಂಪನಿಗಳಿಗೆ ದಂಡ ಹಾಕುವ ಕಾಯ್ದೆ 2000ದಲ್ಲೇ ಬಂದಿತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದನ್ನೂ, 1946ರ ವಿದೇಶಿಯರ ಕಾಯ್ದೆಯನ್ನೂ ಸೇರಿಸಿ ನಾಲ್ಕು ಹಳೇ ಕಾಯ್ದೆಗಳನ್ನು ಒಂದೇ ಚೀಲಕ್ಕೆ ಹಾಕಿ, ಕಂಪನಿಗಳ ದಂಡವನ್ನು 5 ಲಕ್ಷ ರೂಪಾಯಿವರೆಗೆ ಏರಿಸಿತು. ಹೊಣೆ ಹೊರಿಸೋ ಅಧಿಕಾರ ಕೈಲಿದೆ. ಹೊಣೆ ಹೊತ್ತವರ ಮಾತಿನ ಮೇಲೆ ಪ್ರಯಾಣಿಕನಿಗೆ ಸಲೀಸು ಮಾಡಿಕೊಡೋ ಮನಸ್ಸು ಮಾತ್ರ ಇನ್ನೂ ಬಂದಿಲ್ಲ. ವೀಸಾ ಅನ್ನೋದು ಕೊಟ್ಟು-ತಗೊಳ್ಳೋ ವ್ಯವಹಾರ. ಕೊಡದೆ ಕೇಳೋಕೆ ಹೋದರೆ ಎದುರಿನವರು ನಗ್ತಾರೆ.

ಇಲ್ಲಿ ಒಂದು ಅಡ್ಡಮಾತು. ಭಾರತೀಯರಿಗೇ ಇಳಿಯೋಕೆ ಪರ್ಮಿಟ್ ಬೇಕಾದ ಭಾರತೀಯ ಬಂದರುಗಳೂ ಇವೆ, ಲಕ್ಷದ್ವೀಪ. 1967ರ ನಿಯಮದ ಪ್ರಕಾರ ಹೊರಗಿನವರು ಅನುಮತಿ ಇಲ್ಲದೆ ದ್ವೀಪಕ್ಕೆ ಹೋಗುವಂತಿಲ್ಲ. ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಅವರ ಕೊಬ್ಬರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಅಲ್ಲಿನ ಪರ್ಮಿಟ್ಟನ್ನು ನಾನು ತಪ್ಪು ಅನ್ನಲ್ಲ, ಅದು ಸಣ್ಣ ಜನಸಮುದಾಯ ತನ್ನ ನೆಲ ಉಳಿಸಿಕೊಳ್ಳೋ ದಾರಿ. ಎಲ್ಲ ಬಾಗಿಲೂ ಒಂದೇ ಕಾರಣಕ್ಕೆ ಮುಚ್ಚಿರಲ್ಲ ಅಂತ ಹೇಳೋಕೆ ಇದನ್ನು ತಂದೆ. ದುರ್ಬಲರು ಮುಚ್ಚಿಕೊಂಡ ಬಾಗಿಲು ಬೇರೆ, ಬಲಿಷ್ಠರು ದುಡ್ಡಿನ ಅಳತೆ ನೋಡಿ ತೆಗೆಯೋ ಬಾಗಿಲು ಬೇರೆ.

ಈಗ ನಿಜವಾಗಿ ನನಗೆ ತಳಮಳ ಆಗೋ ಭಾಗಕ್ಕೆ ಬರ್ತೀನಿ.

ಇಂಜಿನಿಯರಿಂಗ್ ಕಾಲದ ಹಾಸ್ಟೆಲ್ ಗೆಳೆಯನ ತಮ್ಮ ಒಬ್ಬನಿದ್ದಾನೆ, ಮೊಳಕಾಲ್ಮೂರಿನವನು. ಅಪ್ಪ-ಅಮ್ಮ ಮಗ್ಗದವರು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಇದೆ, ಮದುವೆ ಮನೆಗಳಲ್ಲಿ ಹೆಸರಿದೆ, ನೇಯುವವರ ಮನೆಯಲ್ಲಿ ಮಾತ್ರ ಮುಂದಿನ ತಲೆಮಾರು ಮಗ್ಗದ ಗುಂಡಿಗೆ ಕಾಲಿಡೋಕೆ ಒಪ್ತಿಲ್ಲ. ಈ ಹುಡುಗ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿ ಕ್ರೂಸ್ ಹಡಗಿನಲ್ಲಿ ಕೆಲಸಕ್ಕೆ ಸೇರಿದ. ಎಂಟು ತಿಂಗಳು ಹಡಗು, ಎರಡು ತಿಂಗಳು ಊರು. ಹೋದ ಸಲ ರಜೆಗೆ ಬಂದಾಗ ಇಬ್ಬರೂ ಬೈಕಲ್ಲಿ ಬ್ರಹ್ಮಗಿರಿ ಕಡೆ ಹೋಗಿದ್ವಿ, ಅಶೋಕನ ಶಾಸನ ಇರೋ ಬಂಡೆ ನೋಡೋಕೆ.

'ಅಣ್ಣಾ, ನಾನು ಎಷ್ಟು ದೇಶ ನೋಡಿರಬಹುದು ಹೇಳಿ' ಅಂದ. ನಾನು ಇಪ್ಪತ್ತು ಅಂದೆ. 'ಬಂದರು ಅಂದ್ರೆ ಅದಕ್ಕಿಂತ ಜಾಸ್ತಿ. ಕಾಲಿಟ್ಟಿದ್ದು ಅಂದ್ರೆ ಕಮ್ಮಿ. ಪ್ಯಾಸೆಂಜರ್‌ಗಳು ಇಳಿದ ಮೇಲೇನೇ ಅಲ್ವಾ ನಮಗೆ ರೂಮ್ ಕ್ಲೀನ್ ಮಾಡೋ ಕೆಲಸ. ಮುಗಿಸೋ ಹೊತ್ತಿಗೆ ಅವರು ವಾಪಸ್ ಬಂದಿರ್ತಾರೆ.'

ತಮಾಷೆ ಅಂದರೆ, ವೀಸಾ ಇಲ್ಲದೆ ದಡಕ್ಕೆ ಇಳಿಯೋ ಹಕ್ಕು ಅಂತರರಾಷ್ಟ್ರೀಯ ಕಾನೂನಿನಲ್ಲಿ ಮೊದಲು ಹುಟ್ಟಿದ್ದು ಪ್ರವಾಸಿಗಳಿಗಾಗಿ ಅಲ್ಲ, ಹಡಗಿನ ಕೆಲಸಗಾರರಿಗಾಗಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1958ರಲ್ಲೇ ನಾವಿಕರ ಗುರುತಿನ ದಾಖಲೆಯ ಬಗ್ಗೆ ಒಪ್ಪಂದ ತಂದಿತು. ತಿಂಗಳುಗಟ್ಟಲೆ ನೀರಿನ ಮೇಲೆ ಇರುವವನಿಗೆ ಹಡಗು ಬಂದರಿನಲ್ಲಿ ನಿಂತಷ್ಟು ಹೊತ್ತು ನೆಲಕ್ಕೆ ಇಳಿಯೋ ಅವಕಾಶ ಬೇಕು ಅನ್ನೋದು ಅದರ ತಿರುಳು. 1965ರ ಕಡಲ ಸಂಚಾರ ಸುಗಮ ಒಪ್ಪಂದವೂ ಅದನ್ನೇ ಹೇಳಿತು. 2003ರಲ್ಲಿ ಹೊಸ ಒಪ್ಪಂದ ಬಂತು, ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಹಾಕಿತು, 2019ರ ನವೆಂಬರ್‌ನಲ್ಲಿ ಮುಖಚಹರೆಯ ಬಯೋಮೆಟ್ರಿಕ್ ಇರುವ ನಾವಿಕ ಗುರುತಿನ ಕಾರ್ಡ್ ಕೊಡೋಕೆ ಶುರು ಮಾಡಿತು. ಆ ಕಾರ್ಡು ಕೊಟ್ಟ ಮೊದಲ ದೇಶ ನಾವೇ ಅಂತ ಸರ್ಕಾರ ಹೇಳಿಕೊಂಡಿತು. ಕಾರ್ಡು ಒಳ್ಳೇದೇ. ಆದರೆ ಅಮೆರಿಕದಂಥ ದೇಶ ಕಾರ್ಮಿಕ ಸಂಘಟನೆಯ ಆ ಎರಡು ಒಪ್ಪಂದಗಳಿಗೆ ಒಪ್ಪಿಗೆ ಹಾಕಿಲ್ಲ. ಅಲ್ಲಿ ದಡಕ್ಕೆ ಇಳಿಯಬೇಕಾದರೆ ಹಡಗಿನ ಹುಡುಗ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸಿ1/ಡಿ ವೀಸಾ ಸಂದರ್ಶನ ಮುಗಿಸಿರಬೇಕು. ಮುಗಿಸಿದ ಮೇಲೂ ಬಂದರಿನ ಅಧಿಕಾರಿ ಒಪ್ಪಿದರೆ ಮಾತ್ರ, ಗರಿಷ್ಠ 29 ದಿನ.

ಒಂದೇ ಹಡಗಿನಲ್ಲಿ, ಒಂದೇ ಬಾಗಿಲಲ್ಲಿ, ಪ್ರವಾಸಿಗೆ ಹಡಗು ಜಾಮೀನು ನಿಲ್ಲುತ್ತೆ. ಆ ಹಡಗನ್ನು ನಡೆಸುವವನು ಮಾತ್ರ ತನ್ನ ಜಾಮೀನು ತಾನೇ ಹೊಂದಿಸಿಕೊಳ್ಳಬೇಕು.

ಕೊರೋನಾ ಬಂದಾಗ ಈ ವ್ಯತ್ಯಾಸ ಬೆತ್ತಲಾಯ್ತು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕ್ವಾರಂಟೈನ್ ಮಾಡಿದಾಗ ಒಳಗೆ 3,711 ಜನ ಇದ್ದರು. ಅವರಲ್ಲಿ 138 ಭಾರತೀಯರು. ಆ 138ರಲ್ಲಿ ಪ್ರಯಾಣಿಕರು 6 ಜನ, ಸಿಬ್ಬಂದಿ 132. ಕ್ರೂಸ್ ಅಂದ ತಕ್ಷಣ ನಮ್ಮ ಪೇಪರುಗಳು ಡೆಕ್ಕಿನ ಮೇಲೆ ಸೆಲ್ಫಿ ತಗೊಳ್ಳೋರ ಫೋಟೋ ಹಾಕ್ತವೆ. ಜಗತ್ತಿನ ಕ್ರೂಸಿನಲ್ಲಿ ಭಾರತೀಯ ಅಂದರೆ ಯಾರು ಅಂತ ಈ ಎರಡು ಅಂಕಿ ಹೇಳುತ್ತವೆ. ಪ್ರಯಾಣಿಕರನ್ನು ಕ್ಯಾಬಿನ್ ಒಳಗೆ ಇರಿಸಿದಾಗ ಅವರ ಬಾಗಿಲಿಗೆ ಊಟ ತಲುಪಿಸಿದ್ದು ಇದೇ ಸಿಬ್ಬಂದಿ. ಮಾರ್ಚಿನಲ್ಲಿ ಎಂಎಸ್‌ಸಿ ಲಿರಿಕಾ ಅನ್ನೋ ಹಡಗನ್ನು ನವಮಂಗಳೂರು ಬಂದರೇ ಒಳಗೆ ಬಿಡದೆ ವಾಪಸ್ ಕಳಿಸಿತು. ಇನ್ನೊಂದು ಕ್ರೂಸ್ ಹಡಗು ಮರೆಲ್ಲಾ ಡಿಸ್ಕವರಿಯಲ್ಲಿದ್ದ 146 ಭಾರತೀಯ ಸಿಬ್ಬಂದಿ ತಮ್ಮದೇ ದೇಶದ ದಡದ ಎದುರು ಕಾದು ಕಾದು ಏಪ್ರಿಲ್ ಕೊನೆಗೆ ಮುಂಬೈಯಲ್ಲಿ ಇಳಿದರು. ಅವರಿಗೆ ಇಳಿಯೋಕೆ ವೀಸಾ ಬೇಕಿರಲಿಲ್ಲ. ಭಾರತದ ಪಾಸ್‌ಪೋರ್ಟು ಇತ್ತು. ಆದರೂ ಬಾಗಿಲು ತೆಗೆಯಲಿಲ್ಲ.

ಬ್ರಹ್ಮಗಿರಿಯಲ್ಲಿ ಕೂತಾಗ ಹುಡುಗನಿಗೆ ಆ ಬಂಡೆಯ ಕತೆ ಹೇಳಿದೆ. 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ ಶಾಸನ. ಬ್ರಾಹ್ಮಿ ಲಿಪಿಯಲ್ಲಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ರಾಜಾಜ್ಞೆ. ಇಸಿಲ ಅಂದರೆ ಇಲ್ಲೇ ಇದ್ದ ಊರು. ಬರೆದವನ ಹೆಸರು ಚಪಡ. ತನ್ನ ಹೆಸರಿನ ಮುಂದೆ 'ಲಿಪಿಕಾರ' ಅನ್ನೋ ಅರ್ಥದ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಅಂದರೆ ಇವತ್ತಿನ ಪಾಕಿಸ್ತಾನ-ಅಫ್ಘಾನಿಸ್ತಾನದ ದಿಕ್ಕು. ಅವನು ಆ ಕಡೆಯವನೇ ಅಥವಾ ಅಲ್ಲಿ ಕಲಿತವನಿರಬೇಕು ಅಂತ ವಿದ್ವಾಂಸರ ಊಹೆ. ಕೆಲಸದ ಮೇಲೆ ಬಂದ ಸರ್ಕಾರಿ ನೌಕರ.

ಹುಡುಗ ಬಂಡೆ ನೋಡಿ ನಕ್ಕ. 'ಇವನಿಗೂ ರಾಜನ ಜಾಮೀನು ಇತ್ತು ಬಿಡಿ ಅಣ್ಣಾ.'

ನಾನು ಹೇಳಬೇಕು ಅಂದುಕೊಂಡಿದ್ದ ಮಾತನ್ನು ಅವನೇ ಹೇಳಿಬಿಟ್ಟ. ಹಳೇ ಕಾಲ ಮುಕ್ತವಾಗಿತ್ತು, ಈಗ ಗಡಿ ಬಂದಿದೆ ಅಂತ ನಾನು ಅಳೋಕೆ ಹೊರಟಿದ್ದೆ.

ಹಾಗಾದರೆ ಏನು ಕೇಳಬೇಕು? ನನ್ನ ಲೆಕ್ಕದಲ್ಲಿ ಮೊದಲನೆಯದು ತೀರಾ ದೊಡ್ಡದೇನಲ್ಲ. ಭಾರತ ಕ್ರೂಸ್ ಪ್ರಯಾಣಿಕರಿಗೆ ಹಡಗಿನ ಜಾಮೀನಿನ ಮೇಲೆ 24 ಗಂಟೆಯೋ 72 ಗಂಟೆಯೋ ದಡಕ್ಕೆ ಇಳಿಯುವ ಅನುಮತಿ ಕೊಡಬೇಕು, ಅದನ್ನು ಕೊಡುವಾಗಲೇ ಆ ದೇಶಗಳಿಂದ ನಮ್ಮ ಪ್ರಯಾಣಿಕರಿಗೂ, ನಮ್ಮ ಸಿಬ್ಬಂದಿಗೂ ಅದೇ ಅನುಮತಿ ಕೇಳಬೇಕು. ಥಾಯ್ಲೆಂಡ್ 2024ರ ಜುಲೈನಲ್ಲಿ ಭಾರತೀಯರನ್ನು 60 ದಿನದ ವೀಸಾರಹಿತ ಪಟ್ಟಿಗೆ ಸೇರಿಸಿತು, ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನ ಬಿಟ್ಟಿತು. ಅವು ಆ ದೇಶಗಳು ತಮ್ಮ ಪ್ರವಾಸೋದ್ಯಮಕ್ಕೆ ಬೇಕು ಅಂತ ಮಾಡಿದ್ದು. ನಾವು ಕೂತು ಮಾತಾಡಿ ಗಿಟ್ಟಿಸಿದ್ದು ಎಷ್ಟಿದೆ?

ಎರಡನೆಯದು ಸಿಬ್ಬಂದಿಯದ್ದು, ಅದೇ ತುರ್ತಿನದು. ಹಡಗಿನ ಕೆಲಸ ಕೊಡಿಸ್ತೀನಿ ಅಂತ ಲಕ್ಷಗಟ್ಟಲೆ ಕೇಳೋ ಏಜೆಂಟರು ನಮ್ಮ ಜಿಲ್ಲೆಗಳಿಗೂ ಬಂದಿದ್ದಾರೆ. ಇದನ್ನು ಓದುತ್ತಿರೋ ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ತಮ್ಮನೋ ತಂಗಿಯೋ ಆ ದಾರಿಯಲ್ಲಿದ್ದರೆ ತಿಳ್ಕೊಳ್ಳಿ: ಹಡಗಿಗೆ ಜನ ಸೇರಿಸೋ ಏಜೆನ್ಸಿಗೆ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಫೀಸು ತಗೊಳ್ಳೋ ಹಾಗೇ ಇಲ್ಲ, ಭಾರತ ಅದಕ್ಕೂ 2015ರಲ್ಲೇ ಒಪ್ಪಿದೆ. ಮೊಳಕಾಲ್ಮೂರಿನ ಹುಡುಗ ಕೊಟ್ಟಿದ್ದ. ಎಷ್ಟು ಅಂತ ಬರೀಬೇಡಿ ಅಂದಿದ್ದಾನೆ, ಅಪ್ಪನಿಗೆ ಗೊತ್ತಿಲ್ಲ.

ಮೊನ್ನೆ ಊರಿಗೆ ಹೋದಾಗ ಮಾವ ಮತ್ತೊಂದು ಟೂರಿನ ಕಾಗದ ತಂದು ಕೈಗಿಟ್ಟರು. ಬೇರೆ ಕಂಪನಿ, ಬೇರೆ ಹಡಗು, ಈ ಸಲ ಅತ್ತೆಯೂ ಹೊರಟಿದ್ದಾರೆ. ನಾಲ್ಕು ಬಂದರಿನ ಹೆಸರು, ಹೆಸರಿನ ಕೆಳಗೆ ಬಣ್ಣದ ಫೋಟೋ. ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳಿದ್ದವು. ಮಾವ ಕನ್ನಡಕ ಸರಿ ಮಾಡಿಕೊಂಡು ಪಕ್ಕದಲ್ಲೇ ಕೂತರು. 'ಪೂರ್ತಿ ಓದಪ್ಪಾ. ಯಾವ್ಯಾವ ಊರಲ್ಲಿ ಇಳೀಬೋದು ಅಂತ ಒಂದ್ ಗೀಟು ಹಾಕು, ನಿಮ್ಮತ್ತೆ ಕೇಳ್ತಾಳೆ.' ಮೂರಕ್ಕೆ ಗೀಟು ಹಾಕಿದೆ. ನಾಲ್ಕನೆಯದಕ್ಕೆ ಆ ದೇಶದ ವಲಸೆ ಇಲಾಖೆಯ ವೆಬ್‌ಸೈಟ್ ತೆಗೆದು ಹುಡುಕ್ತಾ ಕೂತೆ.